ಖರ್ಚಿಲ್ಲದ ಈಜುಕೊಳ

ಇವತ್ತು ಬೆಳಿಗ್ಗೆ ಮುನಿಸಿಪಾಲಿಟಿಯ ಆಳು ಬಂದು ನಮ್ಮ ಬಾವಿಗೆ ಬ್ಲೀಚಿಂಗ್ ಪೌಡರು ಸುರಿದು ಹೋದ. ಮಳೆ ಹಿಡಿಯುವ ಮುಂಚೆ ಮಡಿಕೇರಿಯಲ್ಲಿ ವರ್ಷವರ್ಷವೂ ನಡೆಯುವ ಉಪಚಾರ ಇದು. ಅವನು ಹೋದ ಮೇಲೆ ಒಂದೆರಡು ದಿನ ನಮ್ಮ ಮನೆಯ ಕಾಫಿ, ಸಾರು, ದೇವರ ತೀರ್ಥ ಎಲ್ಲಕ್ಕೂ ಒಂದೇ ರುಚಿ. ನಮ್ಮವರು ಒಂದು ಗುಟುಕು ಕಾಫಿ ಕುಡಿದು ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿದರು. "ಆಗ ಇದರ ಡಬ್ಬ ಬೊಂಬಾಯಿಂದ ಬರ್ತಿತ್ತು" ಎಂದರು. ಅಷ್ಟೇ ಹೇಳಿದ್ದು. ಮದುವೆಯಾಗಿ ಇಷ್ಟು ಕಾಲ ಕಳೆದ ಮೇಲೆ ಗಂಡಹೆಂಡಿರ ಮಾತು ತಂತಿ ಸಮಾಚಾರದ ಹಾಗೆ ಆಗಿಬಿಡುತ್ತದೆ, ಒಂದೊಂದು ಪದಕ್ಕೂ ಪೋಸ್ಟಾಫೀಸಿಗೆ ಕಾಸು ಕಟ್ಟಬೇಕೇನೋ ಎಂಬಂತೆ. ನನಗೆ ಅರ್ಥವಾಯಿತು. ಅವರು ಸುಂಟಿಕೊಪ್ಪದಾಚೆಯ ಆ ಎಸ್ಟೇಟಿಗೆ, ಗುಡ್ಡದ ಮೇಲಿನ ಬಂಗಲೆಗೆ, ಬಂಗಲೆಯ ಪಕ್ಕದ ಈಜುಕೊಳಕ್ಕೆ ಹೋಗಿಬಿಟ್ಟಿದ್ದರು. ನಾನೂ ಹಿಂದೆಯೇ ಹೊರಟೆ. ನೀವೂ ಬನ್ನಿ. ದಾರಿ ಸ್ವಲ್ಪ ಜಾರುತ್ತದೆ, ಅಷ್ಟೆ.

ಅದು ಬ್ರಿಟಿಷರ ಕಾಲ. ಮಡಿಕೇರಿಗೆ ಕಮಿಷನರ್ ಸಾಹೇಬರು, ಎಸ್ಟೇಟಿಗೆ ದೊರೆಗಳು. ನಮ್ಮವರು ಆ ಎಸ್ಟೇಟಿನ ರೈಟರು. ಆಳುಗಳ ಹಾಜರಿ, ಸ್ಟೋರಿನ ಬೀಗದ ಕೈ, ಕಾಫಿ ಹಣ್ಣಿನ ಪಿಕ್ಕಿಂಗಿನ ತೂಕ, ದೊರೆಯ ಬೈಗುಳ, ಈ ನಾಲ್ಕನ್ನೂ ದಿನಾ ಬೆಳಿಗ್ಗೆ ತೆಗೆದುಕೊಳ್ಳುವವರಿಗೆ ರೈಟರು ಎನ್ನುತ್ತಿದ್ದರು. ದೊರೆ ಇವರನ್ನು "ರೈಟರ್" ಎಂದೂ ದೊರೆಸಾನಿ ನನ್ನನ್ನು "ಮಿಸೆಸ್ ರೈಟರ್" ಎಂದೂ ಕರೆಯುತ್ತಿದ್ದರು. ನಮಗೆ ಅಪ್ಪ ಅಮ್ಮ ಇಟ್ಟ ಹೆಸರುಗಳಿದ್ದವು ಎಂಬುದು ಆ ಗುಡ್ಡದ ಮೇಲೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಅತ್ತೆಯವರನ್ನು ಏನೆಂದು ಕರೆಯಬೇಕೆಂದು ತೋಚದೆ ದೊರೆಸಾನಿ ದಾರಿಯಲ್ಲಿ ಕಂಡಾಗಲೆಲ್ಲ ಛತ್ರಿಯನ್ನು ಸ್ವಲ್ಪ ಮೇಲೆತ್ತುತ್ತಿದ್ದರು. ಅತ್ತೆಯವರು ಅದಕ್ಕೆ ಉತ್ತರವಾಗಿ ಕೈಯಲ್ಲಿದ್ದದ್ದನ್ನು ಎತ್ತುತ್ತಿದ್ದರು. ಒಮ್ಮೊಮ್ಮೆ ಅದು ಕತ್ತಿಯಾಗಿರುತ್ತಿತ್ತು.

ವರ್ಷದಲ್ಲಿ ಅರ್ಧ ಕಾಲ ಆಕಾಶವೇ ತಲೆಯ ಮೇಲೆ ಸುರಿಯುವ ಸೀಮೆ ನಮ್ಮದು. ನಾವೆಲ್ಲ ಹೆಂಚು ಹೊದಿಸಿ, ಕಂಬಳಿ ಕೊಪ್ಪೆ ಹಾಕಿ, ಒಲೆಯ ಮೇಲೆ ಬಟ್ಟೆ ಒಣಗಿಸಿ ನೀರಿನಿಂದ ಪಾರಾಗುವ ಉಪಾಯ ಹುಡುಕುತ್ತಿದ್ದರೆ, ದೊರೆಸಾನಿಯವರು ಗುಂಡಿ ತೋಡಿಸಿ, ಸಿಮೆಂಟು ಮೆತ್ತಿಸಿ, ಹಳ್ಳದಿಂದ ಕಾಲುವೆ ಎಳೆಸಿ ನೀರಿನೊಳಗೆ ಇಳಿಯುವ ಉಪಾಯ ಮಾಡಿಕೊಂಡಿದ್ದರು. ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಹೆಂಗಸರು ಅದಕ್ಕೆ "ದೊರೆಸಾನಿ ಕೆರೆ" ಎಂದು ಹೆಸರಿಟ್ಟರು. ಇಬ್ಬರು ಬಟ್ಟೆಗಂಟು ಹೊತ್ತು ಅಲ್ಲಿಗೆ ಹೋಗಿ ಬಟ್ಲರನಿಂದ ಬೈಸಿಕೊಂಡು ಬಂದದ್ದೂ ಉಂಟು. ನನ್ನ ಅತ್ತೆಯವರು ಕೊಡ್ಲಿಪೇಟೆ ಕಡೆಯ ಬೇಸಾಯದ ಮನೆಯವರು. ನೀರು ಅಂದರೆ ಅದರ ಆ ತುದಿಯಲ್ಲಿ ಏನಾದರೂ ಬೆಳೆಯಬೇಕು ಎಂಬ ಲೆಕ್ಕ ಅವರದು. ಒಮ್ಮೆ ಕೊಳದ ಸುತ್ತ ಒಂದು ಸುತ್ತು ಬಂದು, "ಕುಡಿಯೋಕಿಲ್ಲ, ಒಗೆಯೋಕಿಲ್ಲ, ಗದ್ದೆಗಿಲ್ಲ. ಸುಮ್ನೆ ಕಟ್ಟಿ ಹಾಕವ್ರೆ, ಹಾಲು ಕೊಡದ ಎಮ್ಮೆ ಹಂಗೆ" ಎಂದರು.

ನಾನು ಮಡಿಕೇರಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಮಗೆ ಕಸೂತಿ, ಚಹಾ ಬಟ್ಟಲು ಹಿಡಿಯುವ ರೀತಿ, ಬಾಗಿಲನ್ನು ಸದ್ದಾಗದಂತೆ ಮುಚ್ಚುವ ರೀತಿ ಕಲಿಸಿದ್ದರು. ಬೋರ್ಡಿಂಗಿನಲ್ಲಿ ಉದ್ದನೆಯ ನಿಲುವಂಗಿ ತೊಟ್ಟುಕೊಂಡೇ ಸ್ನಾನ ಮಾಡಬೇಕಿತ್ತು, ನಮ್ಮ ಮೈಯನ್ನು ನಾವೇ ನೋಡಬಾರದೆಂದು. ಅಂಥವಳು ಮದುವೆಯಾದ ಹೊಸತರಲ್ಲಿ ಕಸೂತಿಯ ಮಾದರಿ ತೋರಿಸಲು ಬಂಗಲೆಗೆ ಹೋದರೆ, ದೊರೆಸಾನಿಯವರು ತೊಡೆ ಕಾಣುವ ಈಜುಡುಪಿನಲ್ಲಿ, ತಲೆಗೆ ರಬ್ಬರಿನ ಟೊಪ್ಪಿ ಬಿಗಿದುಕೊಂಡು, ನೀರಿನಿಂದ ಎದ್ದು ಬಂದರು. ಕಣ್ಣು ಎಲ್ಲಿಡುವುದೆಂದು ತಿಳಿಯದೆ ನಾನು ಪಕ್ಕದ ಸಿಲ್ವರ್ ಓಕ್ ಮರವನ್ನೇ ನೋಡುತ್ತ ನಿಂತೆ. "ನಿಮಗೆ ಮರಗಳೆಂದರೆ ಬಹಳ ಇಷ್ಟ ಅಂತ ಕಾಣುತ್ತೆ" ಎಂದರು ಅವರು. ಹೌದು ಎಂದೆ. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ನನಗೊಂದು ಗಿಡ ಉಡುಗೊರೆಯಾಗಿ ಬರುತ್ತಿತ್ತು. ಅತ್ತೆಯವರಿಗೆ ಅವನ್ನು ನೆಡುವುದೇ ಒಂದು ಕೆಲಸವಾಯಿತು.

ಹೀಗಿರುವಾಗ ಕಾಫಿಯ ಬೆಲೆ ಬಿತ್ತು. ಬಿದ್ದದ್ದು ಏಳಲೇ ಇಲ್ಲ. ಸುತ್ತಲ ಎಸ್ಟೇಟುಗಳಲ್ಲಿ ಒಬ್ಬೊಬ್ಬರೇ ರೈಟರುಗಳು ಗಂಟು ಕಟ್ಟಿದರು. ಒಂದು ದಿನ ದೊರೆ ಇವರನ್ನು ಆಫೀಸಿಗೆ ಕರೆಸಿದರು. ದೊರೆ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ನಮ್ಮವರು ಮನೆಗೆ ಬಂದು ನಮಗೆ ಹೇಳಿದ್ದು ಹೀಗೆ.

"ಲಂಡನ್ನಿನ ಕಂಪನಿಯವರು ಖರ್ಚು ಇಳಿಸು ಅಂತ ಬರೆದಿದ್ದಾರೆ, ರೈಟರ್. ಈ ಈಜುಕೊಳಕ್ಕೆ ಆಗೋ ಖರ್ಚೂ ನಿನ್ನ ಸಂಬಳವೂ ಹತ್ತಿರ ಹತ್ತಿರ ಒಂದೇ. ಕೊಳ ಮುಚ್ಚಿದರೆ ದೊರೆಸಾನಿ ಊರಿಗೆ ಹೊರಡ್ತಾಳೆ. ನಿನ್ನ ಕೆಲಸ ಮುಚ್ಚಿದರೆ ನೀನು ಊರಿಗೆ ಹೊರಡ್ತೀಯ. ನಾನು ಯಾರನ್ನು ಕಳಿಸಲಿ?"

ಆಗ ದೊರೆಗೆ ಕರುಣೆ ಬಂತು. "ಮುಂದಿನ ಮಳೆಗಾಲದವರೆಗೆ ನೋಡ್ತೀನಿ. ಕೊಳ ಇರಬೇಕು, ಖರ್ಚು ಇರಬಾರದು. ಹಾಗೆ ಮಾಡಿದರೆ ನೀನೂ ಇರಬಹುದು."

ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ, ಅಂಥ ಕಾಲದಲ್ಲಿ ಇನ್ನೊಂದು ಕಡೆ ಕೆಲಸ ಸಿಗುವುದೂ ಇಲ್ಲ. ಎಂದೂ ಕಾಲ ತುದಿ ಅದ್ದದ, ಅದ್ದುವ ಹಕ್ಕೂ ಇಲ್ಲದ ಒಂದು ಗುಂಡಿ ನೀರಿಗೆ ನಮ್ಮ ಸಂಸಾರವನ್ನು ಕಟ್ಟಿ ಇಳಿಬಿಟ್ಟ ಹಾಗಾಯಿತು. "ಕೊಳಕ್ಕೇ ಕ್ವಾರ್ಟರ್ಸ್ ಕೊಟ್ಟುಬಿಡ್ಲಿ, ನಾವು ಹೋಗಿ ನೀರಲ್ಲಿ ಇರೋಣ" ಎಂದರು ಅತ್ತೆಯವರು.

ಆ ಕೊಳದ ಉಪಚಾರವೇನು ಸಣ್ಣದಾಗಿರಲಿಲ್ಲ. ವಾರಕ್ಕೊಮ್ಮೆ ನೀರೆಲ್ಲ ಬಿಟ್ಟು ಲೈನಿನ ಹೆಂಗಸರು ಇಳಿದು ಪಾಚಿ ತಿಕ್ಕಬೇಕು. ತಿಕ್ಕುವ ಬ್ರಷ್ಷು ಇಂಗ್ಲೆಂಡಿನದು. ಮತ್ತೆ ನೀರು ತುಂಬಿಸಿ ಬೊಂಬಾಯಿಂದ ಬಂದ ಡಬ್ಬಗಳ ಪುಡಿ ಹಾಕಬೇಕು. ಎಲೆ ತೆಗೆಯಲು ಬೆಳ್ಳಿಯ ಹಾಗೆ ಹೊಳೆಯುವ ಉದ್ದ ಹಿಡಿಯ ಒಂದು ಬಲೆ, ಅದು ಹರಿದರೆ ಹೊಸದು ಹಡಗಿನಲ್ಲಿ ಬರಬೇಕು. ನಮ್ಮವರು ಮೊದಲು ಬ್ರಷ್ಷನ್ನು ಬಿಡಿಸಿ ತೆಂಗಿನ ನಾರು, ಒಲೆಯ ಬೂದಿ ತಂದರು. ಆಮೇಲೆ ಬಲೆ. ನನ್ನ ತವರಿನಿಂದ ಮದುವೆಗೆ ಕೊಟ್ಟ ಸೊಳ್ಳೆಪರದೆಯನ್ನು ಕತ್ತರಿಸಿ ಬಿದಿರಿನ ಬಳೆಗೆ ಹೊಲಿಸಿದರು, ಹೊಲಿದವಳು ನಾನೇ. ಕೊಳದಲ್ಲಿ ಎಲೆ ಇಲ್ಲವಾಯಿತು, ನಮ್ಮ ಮನೆಯಲ್ಲಿ ಸೊಳ್ಳೆ ತುಂಬಿತು.

ಪುಡಿ ನಿಲ್ಲಿಸಿದ ಮೇಲೆ ಸೊಳ್ಳೆಮರಿಗಳು ಕೊಳಕ್ಕೂ ಬಂದವು. ಅದಕ್ಕೆ ಹಳ್ಳದ ಸಣ್ಣ ಮೀನು ಹಿಡಿಸಿ ಬಿಟ್ಟರು. ಮೀನು ಸೊಳ್ಳೆಮರಿಯನ್ನು ತಿಂದವು, ತಿಂದು ಮುಗಿದ ಮೇಲೆ ದೊರೆಸಾನಿಯವರ ಹಿಮ್ಮಡಿಗೆ ಬಂದವು. "ಮಿಸೆಸ್ ರೈಟರ್, ನಿಮ್ಮ ಯಜಮಾನರ ಮೀನುಗಳಿಗೆ ಸಲುಗೆ ಸ್ವಲ್ಪ ಹೆಚ್ಚು" ಎಂದರು ಅವರು, ಚಹಾ ಬಗ್ಗಿಸುತ್ತ. ನಾನು ನಮ್ಮವರಿಗೆ ಹೇಳಿದೆ. ನಮ್ಮವರು ಮೀನಿಗೆ ಹೊತ್ತುಹೊತ್ತಿಗೆ ಅನ್ನ ಹಾಕುವ ಏರ್ಪಾಡು ಮಾಡಿದರು. ಆ ಅನ್ನ ನಮ್ಮ ಅಡುಗೆಮನೆಯದು. ಹೀಗೆ ಕೊಳದ ಖರ್ಚು ಇಳಿದಷ್ಟೂ ನಮ್ಮ ಮನೆಯ ಖರ್ಚು ಏರಿತು. ಇದನ್ನು ನಾನು ಎತ್ತಿ ಆಡಿದರೆ, "ಎಸ್ಟೇಟಿನ ಲೆಕ್ಕದಲ್ಲಿ ಇಳಿದಿದೆ ತಾನೇ" ಎನ್ನುತ್ತಿದ್ದರು.

ಇಷ್ಟೆಲ್ಲ ಆದರೂ ಪಾಚಿಯೊಂದು ಬಗ್ಗಲಿಲ್ಲ. ಆಳುಗಳ ಕೂಲಿ ಉಳಿಯಲೆಂದು ನೀರು ಬದಲಿಸುವುದನ್ನೂ ವಾರದಿಂದ ತಿಂಗಳಿಗೆ ದೂಡಿದ್ದರು, ಹೀಗಾಗಿ ಕೊಳ ಹಸಿರು ಗಂಜಿಯಾಯಿತು. ಒಂದು ಸಂಜೆ ದೊರೆ ಮೆಟ್ಟಿಲಿಳಿಯಲು ಹೋಗಿ, ಇಳಿಯುವ ಶ್ರಮವಿಲ್ಲದೆ ಒಮ್ಮೆಲೇ ಕೆಳಗೆ ತಲುಪಿದರು. ಅಂದು ನಮ್ಮವರು ಊಟ ಮಾಡಲಿಲ್ಲ.

ಕಾಫಿ ಎಲೆಗೆ ತುಕ್ಕುರೋಗ ಬರದ ಹಾಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಹೊಡೆಯುವ ವಾಡಿಕೆ ನಿಮಗೆ ಗೊತ್ತಿರಬಹುದು. ನವಿಲು ನೀಲಿಯ ಆ ಹರಳು ನಮ್ಮ ಸ್ಟೋರಿನಲ್ಲಿ ಚೀಲಗಟ್ಟಲೆ ಇತ್ತು. ಅದನ್ನು ಕದಡುವ ಪೀಪಾಯಿಗಳು ವರ್ಷವಿಡೀ ಮಳೆಯಲ್ಲೇ ಬಿದ್ದಿರುತ್ತಿದ್ದವು. ಎಸ್ಟೇಟಿನಲ್ಲಿ ಹೆಂಚು, ಮೆಟ್ಟಿಲು, ಕಂಬ, ಬಹಳ ಹೊತ್ತು ಒಂದೇ ಕಡೆ ಕೂತರೆ ಮನುಷ್ಯ ಕೂಡ ಪಾಚಿಗಟ್ಟುತ್ತಾನೆ, ಆದರೆ ಆ ಪೀಪಾಯಿಯ ಒಳಮೈ ಮಾತ್ರ ತೊಳೆದ ಹಾಗೆ ಇರುತ್ತಿತ್ತು. ಇದು ನಮ್ಮವರ ಕಣ್ಣಿಗೆ ಬಿತ್ತು. ಅಂದು ಎರಡು ಸಲ ಬಡಿಸಿಕೊಂಡು ಉಂಡರು.

"ವಿಷ ಕಣೋ ಅದು" ಎಂದರು ಅತ್ತೆಯವರು. "ಎಲೆಗೆ ಹೊಡೆದ ಮೇಲೆ ದನಾನೂ ಆ ಕಡೆ ಬಿಡಾಕಿಲ್ಲ."

"ಎಲೆಗೆ ಹಾಕೋದು ಜಾಸ್ತಿ, ಅಮ್ಮ. ನಾನು ಹಾಕೋದು ಚಿಟಿಕೆ."

"ಚಿಟಿಕೆ ವಿಷಕ್ಕೆ ಚಿಟಿಕೆ ಸಾವು."

ನಮ್ಮವರು ಒಂದು ವಿಷಯದಲ್ಲಿ ಗಟ್ಟಿ. ತಮ್ಮ ಮೇಲೆ ಪ್ರಯೋಗ ಮಾಡಿಕೊಳ್ಳದೆ ಇನ್ನೊಬ್ಬರ ಮೇಲೆ ಮಾಡುವವರಲ್ಲ. ಹಂಡೆ ನೀರಿಗೆ ಅಷ್ಟೇ ಅಳತೆಯ ಮೈಲುತುತ್ತ ಕರಗಿಸಿ ಒಂದು ವಾರ ಅದರಲ್ಲೇ ತಲೆಸ್ನಾನ ಮಾಡಿದರು. ನಾನೂ ಮಾಡಿದೆ, ಹೊಸ ಹೆಂಡತಿಯ ಭಕ್ತಿ. ಮೈ ತುರಿಸಲಿಲ್ಲ, ಕಣ್ಣು ಉರಿಯಲಿಲ್ಲ. ನಮ್ಮಿಬ್ಬರ ಕೂದಲೂ ಹೇಗಿತ್ತೋ ಹಾಗೆ ಇದ್ದಿಲ ಮಸಿಯಂತೆ ಕಪ್ಪಾಗಿಯೇ ಇತ್ತು. ತಲೆ ಪೂರಾ ಬೆಳ್ಳಗಾಗಿದ್ದ ಅತ್ತೆಯವರೊಬ್ಬರೇ ಆ ನೀರು ಮುಟ್ಟಲಿಲ್ಲ, "ನಾನು ಸಾಯೋದಿದ್ರೆ ಒಣಗಿಕೊಂಡೇ ಸಾಯ್ತೀನಿ" ಎಂದುಬಿಟ್ಟರು. ಅವರೊಂದು ಚೊಂಬು ಹೊಯ್ದುಕೊಂಡಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು.

ಬಟ್ಟೆಚೀಲದಲ್ಲಿ ಹರಳು ಕಟ್ಟಿ ಕೊಳದಲ್ಲಿ ಇಳಿಬಿಟ್ಟರು. ಮೊದಲು ಮೀನುಗಳು ಮಗುಚಿಕೊಂಡವು. ಅವನ್ನು ಸದ್ದಿಲ್ಲದೆ ನನ್ನ ಸೊಳ್ಳೆಪರದೆಯಲ್ಲೇ ಬಾಚಿ ತೆಗೆಸಿದರು. ಆಮೇಲೆ ಪಾಚಿ ಕಪ್ಪಾಗಿ ಉದುರಿತು. ಆಮೇಲೆ, ನಾನು ಇಂದಿಗೂ ಮರೆಯಲಾರೆ, ನೀರು ತಿಳಿಯಾಗಿ ನೀಲಿಗೆ ತಿರುಗಿತು. ಸಿಲ್ವರ್ ಓಕಿನ ಎಲೆ ತಳದಲ್ಲಿ ಬಿದ್ದಿದ್ದರೆ ಅದರ ನರ ಎಣಿಸಬಹುದು. "ಇಟಲಿಯ ಸಮುದ್ರ" ಎಂದರು ದೊರೆಸಾನಿ. ತಿಂಗಳಾದರೂ ನೀರು ಬದಲಿಸುವ ಅಗತ್ಯ ಬೀಳಲಿಲ್ಲ. ಮೈಲುತುತ್ತ ಕಾಫಿಯ ರೋಗದ ಬಾಬ್ತಿನದು, ಆದ್ದರಿಂದ ಕೊಳಕ್ಕೆಂದು ಖರ್ಚೇ ಇಲ್ಲ. ದೊರೆಸಾನಿ ತಲೆಗೆ ರಬ್ಬರ್ ಟೊಪ್ಪಿಯಿಲ್ಲದೆ ನೀರಿಗಿಳಿಯುವವರಲ್ಲ, ದೊರೆಯ ತಲೆ ಬೋಳು. ಹೀಗಾಗಿ ಎಲ್ಲವೂ ಸುಖವಾಗಿತ್ತು.

ದೊರೆ ಲಂಡನ್ನಿಗೆ ಬರೆದರು. ಲಂಡನ್ನಿನಿಂದ ಮೆಚ್ಚುಗೆ ಬಂತು. ಒಂದು ದಿನ ದೊರೆಸಾನಿ ನನಗೆ ಹೇಳಿದರು, "ಇದೆಲ್ಲ ನಮ್ಮ ಯಜಮಾನರೇ ರಾತ್ರಿಹಗಲು ಯೋಚಿಸಿ ಕಂಡುಹಿಡಿದದ್ದು, ಗೊತ್ತೇ? ಬೇರೆ ಎಸ್ಟೇಟುಗಳಿಗೂ ಹೀಗೇ ಮಾಡಿ ಅಂತ ಕಂಪನಿಯಿಂದ ಕಾಗದ ಹೋಗಿದೆಯಂತೆ." ಚಹಾ ಬಟ್ಟಲನ್ನು ಅಲುಗದಂತೆ ಹಿಡಿಯುವುದನ್ನು ನನಗೆ ಕಲಿಸಿದ ಸಿಸ್ಟರನ್ನು ಅಂದು ನೆನೆದುಕೊಂಡೆ. ಮನೆಗೆ ಬಂದು ಹೇಳಿದರೆ ನಮ್ಮವರಿಗೆ ಸಿಟ್ಟೇ ಬರಲಿಲ್ಲ. "ಹೆಸರು ಅವರಿಗಿರಲಿ, ಮನೆ ನಮಗಿರಲಿ" ಎಂದರು.

ಮಳೆ ಕಳೆದು ಪಿಕ್ಕಿಂಗ್ ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನಿಂದ ದೊರೆಸಾನಿಯ ತಂಗಿಯ ಮಗಳು ಬಂದಳು. ಪಕ್ಕದ ಎಸ್ಟೇಟಿನ ಚಿಕ್ಕ ದೊರೆಗೂ ಅವಳಿಗೂ ಮಡಿಕೇರಿಯ ಇಗರ್ಜಿಯಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ಒಳ್ಳೆಯ ನಗುಮುಖದ ಹುಡುಗಿ. ಕೂದಲು ಸೊಂಟದವರೆಗೆ, ಕೊಯ್ಲಿಗೆ ಬಂದ ಭತ್ತದ ಬಣ್ಣ. ಲೈನಿನ ಹೆಂಗಸರು ಬುಟ್ಟಿ ಇಳಿಸಿ ಅವಳನ್ನು ನೋಡಲು ನಿಲ್ಲುತ್ತಿದ್ದರು. ಅವಳಿಗೆ ಟೊಪ್ಪಿ ಸೇರದು. ಬೆಳಿಗ್ಗೆ, ಸಂಜೆ ಕೂದಲು ಬಿಟ್ಟುಕೊಂಡು ಆ ಇಟಲಿಯ ಸಮುದ್ರದಲ್ಲಿ ತೇಲುತ್ತಿದ್ದಳು.

ಸಣ್ಣಪುಟ್ಟದ್ದು ಮೊದಲು ನನ್ನ ಕಣ್ಣಿಗೇ ಬೀಳುವುದು, ಅದೊಂದು ರೋಗ. ಅವಳಿಗೆ ಮದುವೆಯ ಮುಸುಕಿನ ಅಂಚು ಹೊಲಿದುಕೊಡುವಾಗ ಕೂದಲ ತುದಿಯಲ್ಲಿ ಏನೋ ಒಂದು ಛಾಯೆ ಕಂಡೆ. ಗಿಡದೆಲೆಯಿಂದ ಬಂದ ಬೆಳಕಿರಬೇಕು ಎಂದುಕೊಂಡೆ. ಮದುವೆಯ ವಾರ ಬಟ್ಲರ್ ಓಡಿಬಂದ, "ಅಮ್ಮಾವ್ರೇ, ದೊರೆಸಾನಿ ಕರೀತಾರೆ, ಈಗಲೇ ಬರಬೇಕಂತೆ."

ಹುಡುಗಿ ಟವಲ್ಲಿನಲ್ಲಿ ತಲೆ ಸುತ್ತಿಕೊಂಡು ಕನ್ನಡಿಗೆ ಬೆನ್ನು ಹಾಕಿ ಕೂತಿದ್ದಳು. ದೊರೆಸಾನಿ ಟವಲ್ಲು ಬಿಚ್ಚಿದರು. ಕೂದಲು ಹಸಿರಾಗಿತ್ತು. ಎಲೆ ಹಸಿರಲ್ಲ, ಗಿಳಿ ಹಸಿರಲ್ಲ. ತಿಂಗಳುಗಟ್ಟಲೆ ತಿಕ್ಕದೆ ಅಟ್ಟದ ಮೇಲೆ ಬಿಟ್ಟ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ ಕಿಲುಬು, ಆ ಹಸಿರು. ಕಿಲುಬು ಎಂಬ ಪದ ಮನಸ್ಸಿಗೆ ಬಂದ ಕೂಡಲೇ ಮೈಲುತುತ್ತವೂ ತಾಮ್ರದ್ದೇ ಎಂದು ನಮ್ಮವರು ಹೇಳಿದ್ದು ನೆನಪಾಯಿತು.

"ಬೆಂಗಳೂರಿನಿಂದ ತರಿಸಿದ ಆ ದರಿದ್ರ ಸೋಪಿನದೇ ಕೆಲಸ" ಎಂದು ದೊರೆಸಾನಿ ಹಲ್ಲು ಕಚ್ಚುತ್ತಿದ್ದರು. ಹುಡುಗಿ ನನ್ನ ಕೈ ಹಿಡಿದುಕೊಂಡಳು. "ನಾನು ಇದೇ ತಲೆಯಲ್ಲಿ ಇಗರ್ಜಿಗೆ ಹೋಗಬೇಕೇ?"

ಮನೆಗೆ ಬಂದು ಹೇಳಿದೆ. ನಮ್ಮವರ ಮುಖದ ಬಣ್ಣವೂ ಹೆಚ್ಚುಕಡಿಮೆ ಆ ಕೂದಲಿನದೇ ಆಯಿತು.

"ಮುಗೀತು" ಎಂದರು. "ಈಗಲೇ ಹೋಗಿ ಹೇಳಿಬಿಡ್ತೀನಿ."

ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತೆಯವರು ಕೂತಲ್ಲಿಂದಲೇ ಕೇಳಿದರು, "ಏನು ಹೇಳ್ತೀಯ? ಹೇಳಿದ್ರೆ ಹಸಿರು ಹೋಗ್ತದಾ? ಕಿಲುಬು ತಾನೇ. ಹುಣಿಸೆಹಣ್ಣು ಹಚ್ಚಿ ತಿಕ್ಕಿದ್ರೆ ಆಯ್ತು."

"ಅದು ಹಂಡೆಯಲ್ಲ ಅತ್ತೆ, ತಲೆ" ಎಂದೆ.

"ಹಂಡೇನೂ ದುಂಡಗೇ ಇರೋದು."

ನಗಬೇಡಿ. ಬೇರೆ ದಾರಿ ನಮಗೆ ಇರಲಿಲ್ಲ. ಮರುದಿನ ಮನೆಯಲ್ಲಿದ್ದ ಹುಣಿಸೆಹಣ್ಣೆಲ್ಲ ನೆನೆಸಿ ಕಿವುಚಿ ದೊಡ್ಡ ಪಾತ್ರೆ ತುಂಬ ರಸ ತೆಗೆದುಕೊಂಡು ಬಂಗಲೆಯ ಹಿಂದಿನ ಜಗುಲಿಗೆ ಹೋದೆ. ಹುಡುಗಿ ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಕೂತಳು. ಅತ್ತೆಯವರು ಮೆಟ್ಟಿಲ ಕೆಳಗೆ ನಿಂತು, "ತುದಿಗೆ ಹಚ್ಚು, ತುದಿಗೆ. ಕಂಠದ ಹತ್ರ ಹಿಡಿದಿರೋ ಕಿಲುಬು ಸಲೀಸಾಗಿ ಹೋಗಾಕಿಲ್ಲ. ಕೈಗೆ ಬಲ ಇಲ್ವಾ ನಿಂಗೆ?" ಎಂದು ಹೇಳುತ್ತಲೇ ಇದ್ದರು.

"ನಿಮ್ಮ ಅತ್ತೆ ಏನು ಹೇಳುತ್ತಿದ್ದಾರೆ?" ಎಂದಳು ಹುಡುಗಿ, ಕಣ್ಣು ಮುಚ್ಚಿಕೊಂಡು.

"ನೂರು ವರ್ಷ ಸುಖವಾಗಿ ಬಾಳು ಅನ್ನುತ್ತಿದ್ದಾರೆ."

ಹಚ್ಚಿದೆ, ಕಾದೆ, ತೊಳೆದೆ, ಮತ್ತೆ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಪಾತ್ರೆಗೆ ಇಳಿದ ನೀರು ತಿಳಿಹಸಿರಾಗಿತ್ತು, ಕೂದಲು ಮತ್ತೆ ಭತ್ತದ ಕಡೆಗೆ ತಿರುಗಿತ್ತು. ಪೂರಾ ಭತ್ತವಲ್ಲ, ಸ್ವಲ್ಪ ಕೆಂಪು ಕಲಸಿದ ಬಣ್ಣ, ಬೆಳಗಿದ ಹೊಸ ಹಂಡೆಯ ಮೇಲೆ ದೀಪ ಬಿದ್ದ ಹಾಗೆ. ದೊರೆಸಾನಿ ನಿಟ್ಟುಸಿರು ಬಿಟ್ಟು, "ಇದನ್ನು ಸಿಸ್ಟರುಗಳು ಕಲಿಸಿದ್ದೇ?" ಎಂದರು. ಮೊಣಕೈವರೆಗೆ ಹುಣಿಸೆಹುಳಿಯಲ್ಲಿದ್ದ ನಾನು ನಕ್ಕೆ. ನಗುವನ್ನು ಅವರು ಹೌದೆಂದು ತೆಗೆದುಕೊಂಡರು. ಕಾನ್ವೆಂಟಿನ ಶಿಕ್ಷಣದ ಬಗ್ಗೆ ಅವರಿಗೆ ಅಂದಿನಿಂದ ಬಹಳ ಗೌರವ.

ಮದುವೆ ನಡೆಯಿತು. ಆ ಕೂದಲ ಬಣ್ಣ ಯಾವ ಊರಿನ ಫ್ಯಾಷನ್ನು ಎಂದು ಬೇರೆ ದೊರೆಸಾನಿಯರು ಕೇಳಿದರಂತೆ. ಸೋಪಿನ ಅಂಗಡಿಯವನಿಗೆ ಒಂದು ಖಾರದ ಕಾಗದ ಹೋಯಿತು. ಯಾರಿಗೂ ಕೊಳದ ಮೇಲೆ ಒಂದಿಷ್ಟೂ ಅನುಮಾನವಿಲ್ಲ. ನಾವು ಪಾರಾಗಿದ್ದೆವು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅಂಥ ಹೊತ್ತಿನಲ್ಲಿ, ಒಂದು ಭಾನುವಾರ, ನಮ್ಮವರು ಕೋಟು ಹಾಕಿಕೊಂಡು ಹೊರಟರು.

"ಎಲ್ಲಿಗೋ?" ಎಂದರು ಅತ್ತೆಯವರು.

"ಬಂಗಲೆಗೆ. ಕೊಳದ ವಿಷಯ ಹೇಳಿ ಬರ್ತೀನಿ."

"ಬೆಂಕಿ ಆರಿದ ಮೇಲೆ ಊದುಗೊಳವೆ ಹುಡುಕ್ತಿದೀಯಲ್ಲೋ. ನಿನ್ನ ಯಾರು ಕೇಳಿದ್ರು?"

"ಆ ಹುಡುಗಿ ಇನ್ನು ಪಕ್ಕದ ಎಸ್ಟೇಟಲ್ಲೇ ಇರ್ತಾಳೆ. ವಾರವಾರ ಈಜೋಕೆ ಬರ್ತಾಳೆ. ಬೇರೆ ಎಸ್ಟೇಟಿನವರೂ ಇದನ್ನೇ ಹಾಕ್ತಿದಾರಂತೆ. ಅಲ್ಲೂ ಹೆಣ್ಣುಮಕ್ಕಳಿದಾರೆ, ಚಿಕ್ಕ ಮಕ್ಕಳಿದಾರೆ. ನೀನೇ ತಾನೇ ವಿಷ ಅಂದಿದ್ದು?"

ನಾನು ಕೇಳಿದೆ, "ರೀ, ಕೆಲಸ ಹೋದ್ರೆ?"

ಅವರು ಕೋಟಿನ ಗುಂಡಿ ಹಾಕಿಕೊಂಡು, "ನೋಡೋಣ" ಎಂದು ಗುಡ್ಡ ಹತ್ತಿದರು. ನನಗೆ ಬಂದದ್ದು ಕೋಪ. ಗೆದ್ದ ಆಟವನ್ನು ಸೋಲಲು ಇಷ್ಟು ಶಿಸ್ತಾಗಿ ಕೋಟು ತೊಟ್ಟು ಹೋಗುವವರನ್ನು ನಾನು ನೋಡಿರಲಿಲ್ಲ.

ಅಲ್ಲಿ ನಡೆದದ್ದನ್ನು ಅವರು ಬಂದು ಹೇಳಿದರು. ದೊರೆ ವರಾಂಡದಲ್ಲಿ ಪೈಪು ತುಂಬುತ್ತ ಎಲ್ಲ ಕೇಳಿಸಿಕೊಂಡರಂತೆ. ಕೇಳಿಸಿಕೊಂಡು, "ಇದು ಯಾರ ಪದ್ಧತಿ, ರೈಟರ್?" ಎಂದರಂತೆ.

"ನನ್ನದು, ಸರ್."

"ಅಲ್ಲ. ನನ್ನದು. ಲಂಡನ್ನಿಗೆ ಹಾಗಂತ ಹೋಗಿದೆ. ನನ್ನ ಪದ್ಧತಿಯಿಂದ ಕೂದಲು ಹಸಿರಾಗೋದಿಲ್ಲ."

"ಆದರೆ ಸರ್, ಆ ಹುಡುಗಿಗೆ ಆದದ್ದು..."

"ಅದು ಸೋಪು. ದೊರೆಸಾನಿ ಹೇಳಿದ್ದಾಳೆ. ಈ ಮನೆಯಲ್ಲಿ ಅವಳ ಮಾತನ್ನು ಮೀರಿ ನೋಡಿದವರು ಯಾರೂ ಉಳಿದಿಲ್ಲ."

ಆಮೇಲೆ ಪೈಪು ಹೊತ್ತಿಸಿ, "ಮೈಲುತುತ್ತ ನಿಲ್ಲಿಸು. ನನ್ನ ಪದ್ಧತಿಯನ್ನು ನಾನೇ ಇನ್ನಷ್ಟು ಸುಧಾರಿಸಿದ್ದೇನೆ ಅಂತ ಬೇರೆಯವರಿಗೂ ಬರೆಯುತ್ತೇನೆ. ವಾರಕ್ಕೊಮ್ಮೆ ನೀರು ಬದಲಿಸು" ಎಂದರಂತೆ.

ನಮ್ಮವರು ಮೆಟ್ಟಿಲ ಹತ್ತಿರ ನಿಂತು, "ಹಾಗಾದರೆ ಖರ್ಚು, ಸರ್? ನನ್ನ ಕೆಲಸ?" ಎಂದು ಕೇಳಿದರಂತೆ.

"ನಿನ್ನನ್ನು ತೆಗೆದರೆ ನೀನು ಸುಮ್ಮನೆ ಇರ್ತೀಯಾ? ಕೋಟು ಹಾಕಿಕೊಂಡು ಹೋಗಿ ಲಂಡನ್ನಿಗೂ ನಿಜ ಹೇಳಿಬಿಡ್ತೀಯ. ಅಂಥ ಮನುಷ್ಯನನ್ನು ಕಣ್ಣೆದುರಿಗೇ ಇಟ್ಟುಕೊಳ್ಳಬೇಕು. ಹೋಗು, ಕೆಲಸ ನೋಡು."

ಅಂದಿನಿಂದ ಕಾಫಿಯ ಬೆಲೆ ಎಷ್ಟು ಬಿದ್ದರೂ ನಮ್ಮವರ ಕೆಲಸಕ್ಕೆ ಏನೂ ತಗಲಲಿಲ್ಲ. ದೊರೆಗಳು ಬದಲಾದರು, ಕೊನೆಗೆ ಆ ದೊರೆಗಳ ರಾಜ್ಯವೇ ಹೋಯಿತು, ಇವರು ಮಾತ್ರ ಪಿಂಚಣಿ ವಯಸ್ಸಿನವರೆಗೂ ಬೀಗದ ಕೈ ಹಿಡಿದುಕೊಂಡೇ ಇದ್ದರು. ಕೊಳವನ್ನು ಆಮೇಲೆ ಬಂದವರು ಮುಚ್ಚಿಸಿ ಮೆಣಸು ಒಣಗಿಸುವ ಕಣ ಮಾಡಿದರು. ಅದನ್ನು ಕೇಳಿ ಅತ್ತೆಯವರು, "ಈಗ ಒಂದು ಅರ್ಥ ಬಂತು ಅದಕ್ಕೆ" ಎಂದಿದ್ದರು.

ಈ ಕಥೆಯನ್ನು ನಾನು ನೆಂಟರಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಹಸಿರು ಕೂದಲಿಗೆ ಒಮ್ಮೆ ನಗುತ್ತಾರೆ, ಅತ್ತೆಯವರ ಹಂಡೆಗೆ ಒಮ್ಮೆ ನಗುತ್ತಾರೆ, ಕೊನೆಯಲ್ಲಿ ಕೋಟು ಹಾಕಿಕೊಂಡು ಗುಡ್ಡ ಹತ್ತಿದ ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ನಗುತ್ತಾರೆ. ಹಾಗೆ ನಗುವಂತೆಯೇ ನಾನು ಹೇಳುವುದು. ಯಾರೂ ಕೇಳದಿದ್ದರೂ ಹೋಗಿ ಒಪ್ಪಿಕೊಂಡ ಪೆದ್ದರಾಯ, ದೇವರು ದೊಡ್ಡವನು, ಬಚಾವಾದ. ಅವರೂ ಪಕ್ಕದಲ್ಲಿ ಕೂತು ಮೆಲ್ಲಗೆ ನಗುತ್ತಿರುತ್ತಾರೆ.

ಇವತ್ತು ಆ ಕಾಫಿಯನ್ನು ಚೆಲ್ಲಿ, ನಿನ್ನೆ ತುಂಬಿಟ್ಟಿದ್ದ ನೀರಿನಲ್ಲಿ ಬೇರೆ ಮಾಡಿ ತಂದುಕೊಟ್ಟೆ. ಪಕ್ಕದಲ್ಲಿ ಕೂತೆ. ಏಕೋ, ಇಷ್ಟು ವರ್ಷದಲ್ಲಿ ಕೇಳದ ಒಂದು ಮಾತು ಬಾಯಿಗೆ ಬಂತು.

"ಅವತ್ತು ಗುಡ್ಡ ಹತ್ತುವಾಗ ಹೆದರಿಕೆ ಆಗಲಿಲ್ವಾ ನಿಮಗೆ?"

"ಹೆದರಿಕೆ ಎಲ್ಲ ಹಿಂದಿನ ದಿನವೇ ಮುಗಿದಿತ್ತು" ಎಂದರು. "ಸುಂಟಿಕೊಪ್ಪಕ್ಕೆ ಹೋಗಿ ಮನೆ ನೋಡಿಕೊಂಡು ಬಂದಿದ್ದೆ."

"ಯಾವ ಮನೆ?"

"ಬಾಡಿಗೆಗೆ. ಪೇಟೆಯ ಹಿಂದೆ. ಅಂಗಡಿಗಳಲ್ಲಿ ಲೆಕ್ಕ ಬರೆದುಕೊಂಡು ಇರೋಣ ಅಂತ. ಅಮ್ಮನಿಗೆ ಹೊರಗಡೆ ಒಂದು ಜಗುಲಿ ಇತ್ತು."

ನಾನು ಅವರ ಮುಖವನ್ನೇ ನೋಡಿದೆ. ಬಚಾವಾಗುತ್ತೇನೆ ಎಂದುಕೊಂಡು ಹತ್ತಿದವರಲ್ಲ ಅವರು. ಹೋಗುತ್ತದೆ ಎಂದು ಗೊತ್ತಿದ್ದು, ಹೋದ ಮೇಲಿನದಕ್ಕೆ ಏರ್ಪಾಡು ಮಾಡಿಟ್ಟು ಹತ್ತಿದವರು.

"ನನಗ್ಯಾಕೆ ಹೇಳಲಿಲ್ಲ?"

"ಬೇಕಾಗಲಿಲ್ಲವಲ್ಲ."

"ಹೇಗಿತ್ತು ಮನೆ?"

"ಪರವಾಗಿರಲಿಲ್ಲ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಗೋಡೆ ಒಡೆದು ಒಂದು ಇಟ್ಟುಕೊಡಬೇಕು ಅಂದೆ. ಆ ಮನೆಯವನು ಬಹಳ ಗೊಣಗಿದ. ಕೊನೆಗೆ ಒಪ್ಪಿದ."

ರಸ್ತೆಯಲ್ಲಿ ಬಸ್ಸೊಂದು ಏರು ಹತ್ತಲಾರದೆ ನರಳುತ್ತ ಹೋಯಿತು.

"ಕಿಟಕಿ ಯಾವ ದಿಕ್ಕಿಗೆ?" ಎಂದೆ.

"ಮೂಡಕ್ಕೆ" ಎಂದರು. "ನೀನು ಒಲೆ ಹಚ್ಚೋ ಹೊತ್ತಿಗೆ ಬಿಸಿಲು ಬರಬೇಕಲ್ಲ."